ಪದಚರ್ಚೆ: ‘ಒನ್ ಆನ್ ಒನ್’ಗೆ ‘ಕೂಡುಮಾತು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯ ಒಂದು ದಾಲ್‌ಮಿಲ್‌ನಲ್ಲಿ ನಾನು ಮ್ಯಾನೇಜರ್. ಸುಮಾರು 30 ಜನ ಕೆಲಸಗಾರರಿದ್ದಾರೆ. ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಮಾತಾಡುವ ರೂಢಿ ಶುರು ಮಾಡಿದ್ದೇನೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ‘ಒನ್ ಆನ್ ಒನ್’ ಅನ್ನುತ್ತಾರೆ. ಯಾರ ಸರದಿ ಯಾವತ್ತು ಅಂತ ಬೋರ್ಡಿನ ಮೇಲೆ ಬರೆಯಬೇಕು. ಮೇಲೆ ಏನಂತ ಹೆಸರು ಹಾಕಲಿ? ಅದನ್ನು ಕೇಳೋಕೇ ಈ ಪತ್ರ.

ಮೊದಲ ಸಲ ‘ವೈಯಕ್ತಿಕ ಸಭೆ’ ಅಂತ ಬರೆದೆ. ಬಣ್ಣ ನೋಡಿ ಕೆಟ್ಟ ಕಾಳು ಬೇರೆ ಮಾಡುವ ಸಾರ್ಟೆಕ್ಸ್ ಮಷಿನ್ ನೋಡಿಕೊಳ್ಳುವ ಹುಡುಗ ಬಂದ. ಬಾಗಿಲಲ್ಲೇ ನಿಂತ. ಹೆಗಲ ಮೇಲಿದ್ದ ಟವೆಲ್ ತೆಗೆದು ಕೈಯಲ್ಲಿ ಮುದ್ದೆ ಮಾಡಿ ಹಿಡಿದಿದ್ದ. “ಏನರೆ ತಪ್ಪಾಗ್ಯಾದೇನ್ರಿ ಸರ್?” ಅಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೇಳಿದ್ದಕ್ಕೆಲ್ಲ ಒಂದೇ ಉತ್ತರ: “ಎಲ್ಲಾ ಬರೋಬರಿ ಅದರಿ.” ಆಮೇಲೆ ಗೊತ್ತಾಯಿತು, ಅವರವರಲ್ಲಿ ಇದಕ್ಕೆ ಆಗಲೇ ಒಂದು ಹೆಸರಿತ್ತು. ‘ಒಳಗ ಕರದಾರ’. ಒಳಗೆ ಕರೆದರೆ ಬೈಗುಳ, ಇಲ್ಲವೇ ಲೆಕ್ಕ ಚುಕ್ತಾ. ಬೇರೆ ಏನಕ್ಕೆ ಅವರನ್ನು ಯಾರು ಒಳಗೆ ಕರೆದಿದ್ದರು?

ಇಂಟೆಲ್ ಕಂಪನಿಯ ಆಂಡಿ ಗ್ರೋವ್ 1983ರ ತಮ್ಮ ಪುಸ್ತಕದಲ್ಲಿ ಈ ಬಗ್ಗೆ ಬರೆದಿದ್ದಾರೆ. ಈ ಭೇಟಿ ಮೇಲಿನವರದಲ್ಲ, ಕೆಳಗೆ ಕೆಲಸ ಮಾಡುವವರದು. ಏನು ಮಾತಾಡಬೇಕು ಅಂತ ಅವರೇ ಗೊತ್ತು ಮಾಡಬೇಕು. ಆದಷ್ಟೂ ಅವರು ಕೆಲಸ ಮಾಡುವ ಜಾಗದಲ್ಲೇ ಕೂರಬೇಕು. ಕನಿಷ್ಠ ಒಂದು ಗಂಟೆಯಾದರೂ ಬೇಕು. ಗಂಟೆ ಹೊತ್ತು ನಮ್ಮಲ್ಲಿ ಇನ್ನೂ ಆಗಿಲ್ಲ. ಜಾಗದ ಮಾತು ಮಾತ್ರ ಪಾಲಿಸಿದೆ. ಮೂರನೇ ಸಲ ಮಷಿನ್ ನಿಂತಿದ್ದಾಗ ಎರಡು ಸ್ಟೂಲ್ ತೆಗೆದುಕೊಂಡು ನಾನೇ ಹೋದೆ. ಇಬ್ಬರೂ ಕೂತೆವು. ಆಗ ಹುಡುಗ ಬಾಯಿ ಬಿಟ್ಟ. ರಾತ್ರಿ ಪಾಳಿಯಲ್ಲಿ ಕಂಪ್ರೆಸರ್ ಗಾಳಿ ಕಮ್ಮಿ ಬೀಳುತ್ತಂತೆ. ಆ ಮಷಿನ್ ಕಪ್ಪು ಬೇಳೆಯನ್ನು ಗಾಳಿ ಊದಿಯೇ ಹೊರಗೆ ಹಾಕೋದು. ಗಾಳಿ ಸಾಲದಿದ್ದರೆ ಕಪ್ಪು ಕಾಳು ಒಳ್ಳೆ ಬೇಳೆಯಲ್ಲೇ ಉಳಿದುಬಿಡುತ್ತದೆ. ಎರಡು ತಿಂಗಳಿಂದ ಅವನಿಗೆ ಇದು ಗೊತ್ತಿತ್ತು. ನಾನು ಮಾತ್ರ ಮಾಲು ಕೊಟ್ಟ ರೈತರ ಮೇಲೆ, ತೊಗರಿ ಮೇಲೆ ಗುಮಾನಿ ಪಡುತ್ತಿದ್ದೆ.

ಹಾಗಾಗಿ ಹೆಸರು ಸುಮ್ನೆ ಒಂದು ಹೆಸರಲ್ಲ. ಹೆಸರು ಓದಿಯೇ ಜನ ನಿಂತು ಮಾತಾಡಬೇಕಾ, ಕೂತು ಮಾತಾಡಬೇಕಾ ಅಂತ ನಿರ್ಧಾರ ಮಾಡುತ್ತಾರೆ.

‘ಸಭೆ’ ಬಿಟ್ಟೆ. ಇಬ್ಬರೇ ಕೂತರೆ ಅದು ಸಭೆ ಹೇಗಾದೀತು? ‘ಸಂದರ್ಶನ’ ಅಂದರೆ ಕೆಲಸ ಕೇಳಲು ಬಂದವರಿಗೆ. ‘ಮುಖಾಮುಖಿ’ ಅಂದರೆ ಪೇಪರಿನಲ್ಲಿ ಕ್ರಿಕೆಟ್ ಮ್ಯಾಚ್. ‘ಮಾತುಕತೆ’ ಒಳ್ಳೆ ಪದ, ಆದರೆ ಹೆಣ್ಣುಮಗಳ ಹೆಸರಿನ ಮುಂದೆ ‘ಮಾತುಕತೆ’ ಅಂತ ಬರೆದರೆ ಎಲ್ಲರೂ ಮದುವೆ ಅಂತಲೇ ಓದುತ್ತಾರೆ.

‘ಏಕಾಂತ’ ಅಂತ ಒಬ್ಬ ಗೆಳೆಯರು ಹೇಳಿದರು. ನಮ್ಮ ಜಿಲ್ಲೆಯ ಆಳಂದಕ್ಕೆ ಈ ಪದ ಹತ್ತಿರದ್ದು. 12ನೇ ಶತಮಾನದ ಶರಣರಾದ ಏಕಾಂತದ ರಾಮಯ್ಯನವರು ಅಲ್ಲಿಯವರು, ಹಾವೇರಿ ಜಿಲ್ಲೆಯ ಅಬ್ಲೂರಿನ ಶಾಸನ ಅವರ ಕತೆ ಹೇಳುತ್ತದೆ. ಆದರೆ ಆ ಏಕಾಂತ ಭಕ್ತ ಮತ್ತು ಶಿವನ ನಡುವಿನದು. ಇವತ್ತಿನ ಬಳಕೆಯಲ್ಲಿ ಗಂಡಹೆಂಡಿರದು, ಪ್ರೇಮಿಗಳದು. ಬೋರ್ಡಿನಲ್ಲಿ ಅದನ್ನು ಬರೆದರೆ ತೊಗರಿ ಹಸನು ಮಾಡುವ ನಮ್ಮ ಹೆಣ್ಣುಮಕ್ಕಳು ಮಿಲ್ಲಿಗೇ ಬರುವುದಿಲ್ಲ.

ನನ್ನ ತಲೆ ಜಾಸ್ತಿ ತಿಂದ ಪದ ‘ಅಹವಾಲು’. ಇದು ಅರಬ್ಬಿಯ ‘ಅಹ್ವಾಲ್’. ‘ಹಾಲ್’ ಅಂದರೆ ಸ್ಥಿತಿ, ಅದರ ಬಹುವಚನ. ಹಾಗೆ ನೋಡಿದರೆ ‘ನಿಮ್ಮ ಹಾಲ್ ಏನು?’ ಅಂತ ಕೇಳುವುದಕ್ಕೂ ಅಹವಾಲಿಗೂ ಬೇರು ಒಂದೇ. ಕನ್ನಡದ ಕಚೇರಿಗಳಿಗೆ ಬಂದ ಮೇಲೆ ಅದು ಕೈಮುಗಿದು ಸಲ್ಲಿಸುವ ಮನವಿಯಾಯಿತು. ಮಂತ್ರಿಗಳು ಬಂದಾಗ ‘ಅಹವಾಲು ಸ್ವೀಕಾರ’ ಅಂತ ಬ್ಯಾನರ್ ಹಾಕುತ್ತಾರಲ್ಲ, ಅದೇ. ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುವ ಮಾತು. ‘ಕಿವಿಮಾತು’ ಇದಕ್ಕೆ ಉಲ್ಟಾ, ಮೇಲಿನಿಂದ ಕೆಳಕ್ಕೆ ಇಳಿಯುವುದು. ಎರಡೂ ಕಡೆ ಹೋಗುವ ಪದ ನನಗೆ ಬೇಕು. ದಖ್ಖನಿ ಮಾತಾಡುವ ನಮ್ಮ ಬಾಯ್ಲರ್ ಚಾಚಾ “ಮುಲಾಖಾತ್ ಅನ್ರಿ” ಅಂದರು. ಅದು ಎರಡೂ ಕಡೆಗೆ ಹೋಗುತ್ತದೆ, ನಿಜ. ಆದರೆ ಜೈಲಿನಲ್ಲಿರುವವರನ್ನು ನೋಡಿ ಬರುವುದಕ್ಕೂ ಅದೇ ಪದ ಅಂತ ಅವರೇ ಆಮೇಲೆ ತಲೆ ಆಡಿಸಿದರು.

ನಮ್ಮ ಕಡೆ ಅಣ್ಣತಮ್ಮಂದಿರ ನಡುವೆ ಹೊಲದ ತಕರಾರು ಬಂದರೆ ಹಿರಿಯರು “ಕುಂತು ಮಾತಾಡಮು” ಅನ್ನುತ್ತಾರೆ. ಈ ಮಾತಿನಲ್ಲಿ ‘ಕುಂತು’ ಬಹಳ ದೊಡ್ಡದು. ಸಾವ್ಕಾರರ ಮುಂದೆ ಆಳು ಕೂರದಿದ್ದ ಊರುಗಳು ನಮ್ಮವು. ಇಬ್ಬರೂ ಕೂತರೆ ಅರ್ಧ ಕೆಲಸ ಆದಂತೆಯೇ. ಆದರೆ ಬೋರ್ಡಿಗೆ ಒಂದು ನಾಮಪದ ಬೇಕು. ಹಾಗಾಗಿ ‘ಕೂಡುಮಾತು’ ಅಂತ ಕಟ್ಟಿದೆ. ಬೀಸುಕಲ್ಲು, ತೂಗುಮಂಚ ಇದ್ದ ಹಾಗೆ ಧಾತುವಿಗೆ ನಾಮಪದ ಸೇರಿಸಿದ್ದು. ಉತ್ತರ ಕರ್ನಾಟಕದಲ್ಲಿ ‘ಕೂಡು’ ಅಂದರೆ ಸೇರು ಅಂತಲೂ ಹೌದು, ಕುಳಿತುಕೋ ಅಂತಲೂ ಹೌದು. “ಬರ್ರಿ, ಕೂಡ್ರಿ” ಅಂತ ಮನೆಗೆ ಬಂದವರಿಗೆ ಅನ್ನುತ್ತೇವೆ. ಎರಡೂ ಅರ್ಥ ಇಲ್ಲಿ ಹೊಂದುತ್ತವೆ ಅಂತ ನನಗನಿಸುತ್ತದೆ.

ನಿಮ್ಮನ್ನು ಕೇಳುವುದು ಇಷ್ಟು. ಮೈಸೂರು, ಮಂಗಳೂರು ಕಡೆಯವರಿಗೆ ‘ಕೂಡುಮಾತು’ ಹೇಗೆ ಕೇಳಿಸುತ್ತದೆ? ‘ಕೂಡುಕುಟುಂಬ’ದ ಗುಂಗಿನಲ್ಲಿ ಬಹಳ ಜನ ಸೇರಿ ಆಡುವ ಮಾತು ಅಂತ ಆಗಿಬಿಡುತ್ತದಾ? ಇಬ್ಬರೇ ಎನ್ನುವುದು ಪದದಲ್ಲೇ ಬರಬೇಕಾದರೆ ‘ಇಬ್ಬರ ಕೂಡುಮಾತು’ ಅನ್ನಬೇಕಾ, ಅಥವಾ ಅದು ಉದ್ದವಾಯಿತಾ? ನಿಮ್ಮ ಆಫೀಸು, ಬ್ಯಾಂಕು, ಶಾಲೆಗಳಲ್ಲಿ ಬಾಯಿಮಾತಿನಲ್ಲಿ ಇದಕ್ಕೆ ಏನನ್ನುತ್ತೀರಿ, ದಯವಿಟ್ಟು ಅದನ್ನೂ ಬರೆಯಿರಿ. ಸದ್ಯಕ್ಕೆ ಬೋರ್ಡಿನ ಮೇಲ್ಗಡೆ ಜಾಗ ಖಾಲಿ ಬಿಟ್ಟು, ಕೆಳಗೆ ಹೆಸರು, ವಾರ ಮಾತ್ರ ಬರೆದಿದ್ದೇನೆ.