ಜಾವಾ ಪ್ರಶ್ನೆ: ಬರೆಯದೇ ಇರುವ 'ಸೂಪರ್' ಎಲ್ಲಿಂದ ಬಂತು?

ಪ್ರಶ್ನೆ: ಅಕ್ಕ, ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ಬಿಸಿಎ ಓದುತ್ತಿದ್ದೇನೆ. ಊರು ಶಿಡ್ಲಘಟ್ಟದ ಹತ್ತಿರ, ಮನೆಯಲ್ಲಿ ರೇಷ್ಮೆ ಬೆಳೆ. ಹಾಗಾಗಿ ಗೂಡಿನ ಮಾರುಕಟ್ಟೆಯ ಲೆಕ್ಕವನ್ನೇ ಜಾವಾ ಪ್ರಾಜೆಕ್ಟ್‌ಗೆ ತಗೊಂಡೆ. 'ಲಾಟ್' ಅನ್ನೋ ಕ್ಲಾಸ್ ಇದೆ, ಮಾರುಕಟ್ಟೆಗೆ ಬರುವ ಗೂಡಿನ ಪ್ರತಿ ರಾಶಿಗೂ ಅದೇ ಅಚ್ಚು. ಅದರ ಕನ್‌ಸ್ಟ್ರಕ್ಟರ್, ಅಂದರೆ ಹೊಸ ಲಾಟ್ ಹುಟ್ಟಿಸುವ ಕೋಡ್, ಲಾಟ್ ನಂಬರ್, ತೂಕ ಎರಡನ್ನೂ ಕೇಳುತ್ತದೆ. ಅದನ್ನು ಎಕ್ಸ್‌ಟೆಂಡ್ ಮಾಡಿ (ಅದರ ಮೇಲೇ ಕಟ್ಟಿ) ದ್ವಿತಳಿ ಗೂಡಿಗೆ 'ಬೈವೋಲ್ಟೀನ್ ಲಾಟ್' ಅನ್ನೋ ಕ್ಲಾಸ್ ಬರೆದೆ, ಒಳಗೆ ಇನ್ನೂ ಏನೂ ಇಲ್ಲ. ಆದರೂ ಕೋಡ್ ಬರೆಯುವ ಸಾಫ್ಟ್‌ವೇರ್ ಎಕ್ಲಿಪ್ಸ್ ಕೆಂಪು ಗೆರೆ ಎಳೆದು ಸೂಪರ್ ಕನ್‌ಸ್ಟ್ರಕ್ಟರ್ ಇಲ್ಲ ಅನ್ನುತ್ತಿದೆ. ನಾನು ಸೂಪರ್ ಅಂತ ಬರೆದೇ ಇಲ್ವಲ್ಲ? ಲಾಟ್‌ನಲ್ಲಿ ಸುಮ್ನೆ ಒಂದು ಖಾಲಿ ಕನ್‌ಸ್ಟ್ರಕ್ಟರ್ ಹಾಕಿಬಿಡು, ಎರರ್ ಹೋಗುತ್ತೆ ಅಂತ ಗೆಳತಿ ಹೇಳಿದಳು. ಹಾಕಲಾ?

ಉತ್ತರ: ಬೇಡಮ್ಮ, ಹಾಕಬೇಡ. ಎರರ್ ಹೋಗುತ್ತದೆ, ನಿಜ. ಆದರೆ ಆಮೇಲೆ ನಂಬರ್ ಸೊನ್ನೆ, ತೂಕ ಸೊನ್ನೆ ಇರುವ ಲಾಟ್ ಕೂಡ ಹುಟ್ಟಬಹುದು. ಕೆಜಿ ರೇಟ್ ಎಷ್ಟೇ ಇದ್ದರೂ ರೈತರ ಬಿಲ್ ಸೊನ್ನೆ ಬರುತ್ತದೆ, ಪ್ರೋಗ್ರಾಂ ತುಟಿಪಿಟಕ್ ಅನ್ನುವುದಿಲ್ಲ. ಈಗಿನ ಎರರ್ ಆ ನಷ್ಟವನ್ನೇ ತಡೆಯುತ್ತಿದೆ.

ಆ 'ಸೂಪರ್' ಅನ್ನು ಸೇರಿಸಿದ್ದು ಕಂಪೈಲರ್, ಅಂದರೆ ನಿನ್ನ ಕೋಡ್ ಅನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡುವ ಸಾಫ್ಟ್‌ವೇರ್. ಒಂದು ಕ್ಲಾಸ್‌ನಲ್ಲಿ ಕನ್‌ಸ್ಟ್ರಕ್ಟರೇ ಇಲ್ಲದಿದ್ದರೆ ಜಾವಾ ತಾನೇ ಒಂದನ್ನು ಕೊಡುತ್ತದೆ. ಅದರ ಒಳಗಿರುವುದು ಒಂದೇ ಸಾಲು, 'ಸೂಪರ್()': ತಾಯಿ ಕ್ಲಾಸ್‌ನ ಕನ್‌ಸ್ಟ್ರಕ್ಟರನ್ನು ಏನೂ ಕೊಡದೆ ಕರೆಯುವ ಸಾಲು. ಅಂದರೆ ನಿನ್ನ ಬೈವೋಲ್ಟೀನ್ ಲಾಟ್ ಬರಿಗೈಯಲ್ಲಿ ಹೋಗಿ ಲಾಟ್ ಮುಂದೆ ನಿಂತಿದೆ. ಲಾಟ್ ಆದರೋ ನಂಬರ್, ತೂಕ ಕೇಳುತ್ತಿದೆ. ಲಾಟ್‌ಗೆ ನೀನೇ ಕನ್‌ಸ್ಟ್ರಕ್ಟರ್ ಬರೆದಿದ್ದೀಯಲ್ಲ, ಅದಕ್ಕೆ ಜಾವಾ ಬಿಟ್ಟಿಯಾಗಿ ಇನ್ನೊಂದು ಕೊಡುವುದಿಲ್ಲ.

ಫೀಲ್ಡು (ಡೇಟಾ), ಮೆಥಡ್ಡು (ಮಾಡುವ ಕೆಲಸ) ಇನ್‌ಹೆರಿಟ್ ಆಗುತ್ತವೆ, ಅಂದರೆ ತಾಯಿ ಕ್ಲಾಸ್‌ನಿಂದ ಬಳುವಳಿಯಾಗಿ ಬರುತ್ತವೆ. ಕನ್‌ಸ್ಟ್ರಕ್ಟರ್ ಆಗುವುದಿಲ್ಲ. ಹಾಗಾಗಿ ಬೈವೋಲ್ಟೀನ್ ಲಾಟ್‌ಗೆ ಅದರದೇ ಕನ್‌ಸ್ಟ್ರಕ್ಟರ್ ಬರೆ. ನಂಬರ್, ತೂಕ ತಗೊಂಡು ಮೊದಲ ಸಾಲಲ್ಲೇ 'ಸೂಪರ್(ನಂಬರ್, ತೂಕ)' ಅಂತ ಕರೆ. ಬೈವೋಲ್ಟೀನ್‌ಗೆ ಮಾತ್ರ ಸೇರಿದ್ದೆಲ್ಲ ಅದರ ಕೆಳಗೆ. ನಾಳೆ ಮಿಶ್ರತಳಿಯ ಹಳದಿ ಗೂಡಿಗೆ ಇನ್ನೊಂದು ಕ್ಲಾಸ್ ಬೇಕಾದರೂ ಇದೇ ದಾರಿ. ಮನೆಯ ಕಸುಬನ್ನೇ ಪ್ರಾಜೆಕ್ಟ್‌ಗೆ ತಗೊಂಡಿದ್ದು ನನಗೆ ತುಂಬಾ ಖುಷಿಯಾಯ್ತು. ಉತ್ತರ ಸರಿಯೋ ತಪ್ಪೋ ಅಂತ ಅಪ್ಪನನ್ನೇ ಕೇಳಬಹುದು.

ಪ್ರಶ್ನೆ: ಸರಿಹೋಯ್ತು ಅಕ್ಕ! ಇನ್ನೊಂದು. ಬೈವೋಲ್ಟೀನ್ ಲಾಟ್‌ನಲ್ಲಿ ತೂಕ ಮೈನಸ್ ಬಂದರೆ ತಡೆಯೋಣ ಅಂತ ಸೂಪರ್‌ಗಿಂತ ಮೊದಲು ಒಂದು ಇಫ್ ಹಾಕಿದೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ, ಕಾಲೇಜು ಲ್ಯಾಬ್‌ನಲ್ಲಿ ಎರರ್.

ಉತ್ತರ: ಮನೆಯಲ್ಲಿ ಜಾವಾ 25 ಇರಬೇಕು. 2025ರಲ್ಲಿ ಬಂದ ಆ ವರ್ಷನ್‌ನಲ್ಲಿ ಸೂಪರ್‌ಗೆ ಮುಂಚೆ ಇಂಥ ಚೆಕ್ ಬರೆಯಬಹುದು. ಹಳೇ ಜಾವಾದಲ್ಲಿ ಸೂಪರ್ ಮೊದಲ ಸಾಲೇ ಆಗಿರಬೇಕು. ಆದರೆ ಆ ಇಫ್ ಇರಬೇಕಾದ ಜಾಗ ಲಾಟ್‌ನ ಕನ್‌ಸ್ಟ್ರಕ್ಟರ್. ಮೈನಸ್ ತೂಕ ಮಿಶ್ರತಳಿಗೂ ತಪ್ಪೇ ಅಲ್ವಾ? ಅಲ್ಲಿಗೆ ಸಾಗಿಸು, ಲ್ಯಾಬ್‌ನಲ್ಲೂ ಓಡುತ್ತದೆ.