ಚರ್ಚಿನ ಆಶ್ರಯದಲ್ಲಿರುವ ಸ್ಕೌಟ್ ಟ್ರೂಪಿಗೆ ಸಹಾಯಕ ಸ್ಕೌಟ್ ಮಾಸ್ಟರ್ ಆಗಲು ಕರೆದಿದ್ದಾರೆ: ಒಪ್ಪಿಕೊಳ್ಳಬಹುದೇ?

ಪ್ರಶ್ನೆ (ಓಹಾಯೋದಿಂದ)

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆ ಕಡೆಯವರು, ಓಹಾಯೋ ರಾಜ್ಯದ ಒಂದು ಸಣ್ಣ ಊರಿನಲ್ಲಿ ಎಂಟು ವರ್ಷಗಳಿಂದ ಇದ್ದೇವೆ. ಮಗನಿಗೆ ಹನ್ನೊಂದು ತುಂಬಿದೆ. ಕಬ್ ಸ್ಕೌಟ್ (ಚಿಕ್ಕ ಮಕ್ಕಳ ವಿಭಾಗ) ಮುಗಿಸಿ ಈ ವರ್ಷ ಹುಡುಗರ ಟ್ರೂಪಿಗೆ (ಸ್ಕೌಟ್ ದಳಕ್ಕೆ) ಸೇರಿದ್ದಾನೆ. ಪ್ರತಿ ಸೋಮವಾರ ಸಂಜೆ ಏಳಕ್ಕೆ ಇಲ್ಲಿನ ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ಸೇರುತ್ತದೆ. ಇಷ್ಟು ದಿನ ನಾನು ಅವನನ್ನು ಬಾಗಿಲಲ್ಲಿ ಇಳಿಸಿ, ಕಾರಿನಲ್ಲೇ ಕುಳಿತು ಆಫೀಸಿನ ಮೇಲ್ ನೋಡುತ್ತಾ, ಎಂಟೂವರೆಗೆ ಮನೆಗೆ ಕರೆತರುತ್ತಿದ್ದೆ. ಕಳೆದ ವಾರ ಸ್ಕೌಟ್ ಮಾಸ್ಟರರು ಕಾರಿನ ಬಳಿಗೇ ಬಂದು, ಇಬ್ಬರು ಸಹಾಯಕರು ಊರು ಬಿಟ್ಟು ಹೋದದ್ದರಿಂದ ಕ್ಯಾಂಪಿಗೆ ಹಿರಿಯರು ಸಾಲುತ್ತಿಲ್ಲವೆಂದೂ, ನಾನು ಸಹಾಯಕ ಸ್ಕೌಟ್ ಮಾಸ್ಟರ್ ಆಗಿ ನೋಂದಾಯಿಸಿಕೊಳ್ಳಬೇಕೆಂದೂ ಕೇಳಿಕೊಂಡರು. ಅರ್ಜಿಯ ನಮೂನೆ ಈಗ ನಮ್ಮ ಅಡುಗೆಮನೆಯ ಮೇಜಿನ ಮೇಲಿದೆ.

ಊರಿನಲ್ಲಿ ಹೈಸ್ಕೂಲಿನಲ್ಲಿದ್ದಾಗ ನಾನೂ ಸ್ಕೌಟ್ ಆಗಿದ್ದೆ, ಕೊಂಡಜ್ಜಿಯ ಶಿಬಿರಕ್ಕೂ ಹೋಗಿಬಂದಿದ್ದೆ. ಆದರೆ ಅಲ್ಲಿ ಸ್ಕೌಟ್ ಎಂದರೆ ಶಾಲೆಯ ಭಾಗ, ಸ್ಕೌಟ್ ಮಾಸ್ಟರ್ ಎಂದರೆ ಶಾಲೆಯ ಮೇಷ್ಟ್ರು. ತಂದೆತಾಯಿಗಳು ಆ ಕಡೆ ತಲೆ ಹಾಕಿದ್ದೇ ನನಗೆ ನೆನಪಿಲ್ಲ. ಇಲ್ಲಿ ಚರ್ಚು ಏಕೆ ಬಂತು, ಅದರ ಪಾತ್ರವೆಷ್ಟು ಎಂಬುದೇ ನನಗೆ ತಿಳಿಯದು. ಅರ್ಜಿಯಲ್ಲಿ ದೇವರ ಕುರಿತ ಒಂದು ಘೋಷಣೆಯೂ ಇದೆ. ನಾವು ಲಿಂಗಾಯತರು, ಮನೆಯಲ್ಲಿ ಶುದ್ಧ ಸಸ್ಯಾಹಾರ. ಇವೆಲ್ಲಕ್ಕಿಂತ ಮುಖ್ಯವಾಗಿ, ಸ್ಕೌಟ್ ಸಂಸ್ಥೆಯಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ಸುದ್ದಿಗಳನ್ನು ಓದಿರುವ ನನ್ನ ಹೆಂಡತಿಗೆ ಮಗನನ್ನು ರಾತ್ರಿ ಹೊರಗೆ ಕಳಿಸುವುದೇ ಮನಸ್ಸಿಲ್ಲ. ನಾನು ಸೇರಿಕೊಂಡರೆ ಅವಳಿಗೆ ಸಮಾಧಾನವಾದೀತೇ, ಅಥವಾ ನಾಳೆ ಏನಾದರೂ ಆದರೆ ಹೊಣೆ ನನ್ನ ತಲೆಯ ಮೇಲೂ ಬರುತ್ತದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 (ಟೆಕ್ಸಸ್‌ನಿಂದ, ಆರು ವರ್ಷಗಳಿಂದ ಸಹಾಯಕ ಸ್ಕೌಟ್ ಮಾಸ್ಟರ್)

ಸರ್, ನಾನೂ ನಿಮ್ಮಂತೆ ಕಾರಿನಲ್ಲಿ ಕುಳಿತಿದ್ದವನೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1910ರಲ್ಲಿ ಆರಂಭವಾದ ಅಮೆರಿಕದ ಸ್ಕೌಟ್ ಸಂಸ್ಥೆ (2025ರ ಫೆಬ್ರವರಿಯಿಂದ ಅದರ ಹೆಸರು ಸ್ಕೌಟಿಂಗ್ ಅಮೆರಿಕ) ಟ್ರೂಪುಗಳನ್ನು ತಾನೇ ನೇರವಾಗಿ ನಡೆಸುವುದಿಲ್ಲ. ಊರಿನ ಒಂದು ಚರ್ಚು, ಶಾಲೆಯ ಪಾಲಕರ ಸಂಘ, ಲಯನ್ಸ್ ಕ್ಲಬ್ಬು ಇಂಥ ಯಾವುದಾದರೊಂದು ಸಂಸ್ಥೆ ಚಾರ್ಟರ್ (ಟ್ರೂಪು ನಡೆಸುವ ಅಧಿಕಾರಪತ್ರ) ಪಡೆದು ಟ್ರೂಪಿನ ಯಜಮಾನಿಕೆ ವಹಿಸುತ್ತದೆ. ಆ ಚಾರ್ಟರನ್ನು ಪ್ರತಿವರ್ಷ ನವೀಕರಿಸಬೇಕು. ಚರ್ಚು ಜಾಗ ಕೊಟ್ಟಿದೆಯಷ್ಟೇ ಎಂದು ನಾವು ತಿಳಿದಿರುತ್ತೇವೆ, ಆದರೆ ಕಾಗದದ ಮೇಲೆ ಟ್ರೂಪು ಚರ್ಚಿನದೇ. ಹಿರಿಯರ ನೇಮಕಕ್ಕೆ ಒಪ್ಪಿಗೆ ಕೊಡುವವರು ಚರ್ಚಿನ ಕಡೆಯಿಂದ ನೇಮಕವಾದ ಪ್ರತಿನಿಧಿ. ನಿಮ್ಮ ಅರ್ಜಿಗೂ ಅವರ ಸಹಿ ಬೀಳಬೇಕು. ಸ್ಕೌಟ್ ಮಾಸ್ಟರರು ಕರೆದಾಕ್ಷಣ ನೀವು ಸಹಾಯಕರಾಗಿಬಿಡುವುದಿಲ್ಲ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸವೆಂದರೆ, ಚಾರ್ಟರಿನ ಮೇಲೆ ಯಾರ ಹೆಸರಿದೆ ಎಂದು ಕೇಳುವುದು. ದೌರ್ಜನ್ಯದ ಮೊಕದ್ದಮೆಗಳಿಂದಾಗಿ ಸ್ಕೌಟ್ ಸಂಸ್ಥೆ 2020ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿದ ಮೇಲೆ ಹಲವು ಮೆಥಡಿಸ್ಟ್ ಚರ್ಚುಗಳು ಯಜಮಾನಿಕೆಯನ್ನು ಬಿಟ್ಟು, ಬೇರೆ ಬಗೆಯ ಒಪ್ಪಂದದ ಮೇಲೆ ಜಾಗವನ್ನಷ್ಟೇ ಕೊಡುತ್ತಿವೆ. ಅಂಥ ಕಡೆ ಚಾರ್ಟರು ಸ್ಕೌಟ್ ಸಂಸ್ಥೆಯ ಸ್ಥಳೀಯ ಘಟಕವಾದ ಕೌನ್ಸಿಲಿನ ಅಥವಾ ಬೇರೆ ಸಂಘದ ಹೆಸರಿನಲ್ಲಿರುತ್ತದೆ. ಹೊಣೆ, ವಿಮೆ, ನೇಮಕ ಎಲ್ಲವೂ ಆ ಒಂದು ಹೆಸರನ್ನು ಅವಲಂಬಿಸಿರುವುದರಿಂದ ಇದನ್ನು ಕೇಳುವುದಕ್ಕೆ ಸಂಕೋಚ ಪಡಬೇಡಿ.

ಇನ್ನು ಧರ್ಮದ ವಿಷಯ. ನೀವು ಕಂಡ ಘೋಷಣೆ ದೇವರ ಬಗ್ಗೆ ಮನುಷ್ಯನಿಗಿರುವ ಕರ್ತವ್ಯವನ್ನು ಒಪ್ಪಿಕೊಳ್ಳುವಂಥದು, ಆ ದೇವರು ಯಾರೆಂದು ಅದು ಹೇಳುವುದಿಲ್ಲ. ಹಾಗೆ ನೋಡಿದರೆ ನಾವು ಶಾಲೆಯಲ್ಲಿ ಮೂರು ಬೆರಳೆತ್ತಿ ಹೇಳಿದ ಭಾರತ್ ಸ್ಕೌಟ್ಸ್ ಪ್ರತಿಜ್ಞೆಯಲ್ಲೂ ದೇವರು ಮತ್ತು ದೇಶ ಎರಡೂ ಇದ್ದವು. ನಮ್ಮಲ್ಲಿ ನಿಯಮಗಳು ಒಂಬತ್ತು, ಇಲ್ಲಿ ಹನ್ನೆರಡು, ಅಷ್ಟೇ ವ್ಯತ್ಯಾಸ. ಹಿಂದೂ ಹುಡುಗರಿಗಾಗಿಯೇ ಧರ್ಮ ಮತ್ತು ಕರ್ಮ ಎಂಬ ಎರಡು ಲಾಂಛನಗಳಿವೆ, ಮೊದಲನೆಯದು ಕಬ್ ಸ್ಕೌಟ್‌ಗಳಿಗೆ, ಎರಡನೆಯದು ನಿಮ್ಮ ಮಗನ ವಯಸ್ಸಿನವರಿಗೆ. ಆದರೆ ಒಂದು ಮಾತನ್ನು ಮುಚ್ಚಿಡಬಾರದು: ಚಾರ್ಟರು ಹೊಂದಿದ ಧಾರ್ಮಿಕ ಸಂಸ್ಥೆ ತನ್ನ ನಂಬಿಕೆಗೆ ಹೊಂದುವ ಹಿರಿಯರನ್ನೇ ಆರಿಸಿಕೊಳ್ಳಬಹುದು, ಆ ಹಕ್ಕು ಅದಕ್ಕಿದೆ. ನಾನಿರುವ ಟ್ರೂಪಿನ ಚರ್ಚು ಆ ಹಕ್ಕನ್ನು ಚಲಾಯಿಸಿಲ್ಲ. ನಮ್ಮ ಟ್ರೂಪಿನಲ್ಲಿ ಒಬ್ಬರು ಯಹೂದಿ, ಒಬ್ಬರು ಗುಜರಾತಿ ಜೈನರು, ಮತ್ತೆ ನಾನು. ಫೆಬ್ರವರಿ 8ರ ಆಸುಪಾಸಿನ ಸ್ಕೌಟ್ ಸಂಡೇ ದಿನ ಹುಡುಗರು ಸಮವಸ್ತ್ರದಲ್ಲಿ ಚರ್ಚಿನ ಪ್ರಾರ್ಥನೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ಬರಲೇಬೇಕೆಂದು ಯಾರೂ ಒತ್ತಾಯಿಸಿದ್ದಿಲ್ಲ. ನಾನು ಹೋಗುತ್ತೇನೆ, ಏಕೆಂದರೆ ವರ್ಷವಿಡೀ ಬಾಡಿಗೆಯಿಲ್ಲದೆ ನಮಗೆ ನೆಲಮಾಳಿಗೆ ಬಿಟ್ಟುಕೊಟ್ಟವರ ಮುಖ ವರ್ಷಕ್ಕೊಂದು ದಿನವಾದರೂ ನೋಡಬೇಕಲ್ಲ.

ಉತ್ತರ 2 (ನ್ಯೂಜೆರ್ಸಿಯಿಂದ, ಟ್ರೂಪ್ ಸಮಿತಿಯ ಸದಸ್ಯೆ)

ನಿಮ್ಮ ಮನೆಯವರ ಆತಂಕಕ್ಕೆ ಮೊದಲು ಉತ್ತರ ಸಿಗಬೇಕು, ಉಳಿದದ್ದು ಆಮೇಲೆ. ಅವರು ಓದಿರುವುದು ಸುಳ್ಳಲ್ಲ. ದಿವಾಳಿ ಪ್ರಕರಣದಲ್ಲಿ 82 ಸಾವಿರಕ್ಕೂ ಹೆಚ್ಚು ಮಂದಿ ತಮ್ಮ ಮೇಲೆ ದೌರ್ಜನ್ಯ ನಡೆದಿತ್ತೆಂದು ಅರ್ಜಿ ಹಾಕಿದರು, ಪರಿಹಾರ ನಿಧಿಯ ಮೊತ್ತ ಸುಮಾರು 246 ಕೋಟಿ ಡಾಲರ್; ಅದರಲ್ಲಿ ಚರ್ಚುಗಳ ಪಾಲೂ ಇದೆ. ಇಷ್ಟು ದೊಡ್ಡ ಸಂಖ್ಯೆಯನ್ನು ಕಂಡೂ ತಾಯಿಯೊಬ್ಬಳು ಹೆದರದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು.

ಈಗಿನ ನಿಯಮಗಳು ನಿಂತಿರುವುದು ಒಂದೇ ಮಾತಿನ ಮೇಲೆ: ಒಬ್ಬ ಹಿರಿಯ, ಒಬ್ಬ ಹುಡುಗ, ಇಬ್ಬರೇ ಎಲ್ಲೂ ಇರಕೂಡದು. ಪ್ರತಿ ಸಭೆಗೂ ಪ್ರತಿ ಕ್ಯಾಂಪಿಗೂ 21 ವರ್ಷ ದಾಟಿದ, ನೋಂದಾಯಿತರಾದ ಕನಿಷ್ಠ ಇಬ್ಬರು ಹಿರಿಯರಿರಬೇಕು. ಹುಡುಗನೊಂದಿಗೆ ಪ್ರತ್ಯೇಕವಾಗಿ ಮಾತನಾಡಬೇಕಾದರೆ ಉಳಿದವರ ಕಣ್ಣಿಗೆ ಕಾಣುವ ಕಡೆ ನಿಂತು ಮಾತನಾಡಬೇಕು. ಅವನಿಗೆ ಮೆಸೇಜು ಕಳಿಸಬೇಕಾದರೆ ಪಾಲಕರನ್ನೋ ಇನ್ನೊಬ್ಬ ನಾಯಕರನ್ನೋ ಸೇರಿಸಿಕೊಂಡೇ ಕಳಿಸಬೇಕು. ಕ್ಯಾಂಪಿನಲ್ಲಿ ಹಿರಿಯರ ಟೆಂಟೇ ಬೇರೆ, ಹುಡುಗರ ಟೆಂಟೇ ಬೇರೆ. ಒಂದೇ ಟೆಂಟಿನಲ್ಲಿ ಮಲಗುವ ಹುಡುಗರ ನಡುವೆಯೂ ವಯಸ್ಸಿನ ಅಂತರ ಎರಡು ವರ್ಷ ಮೀರಬಾರದು. 2023ರ ಸೆಪ್ಟೆಂಬರಿನಿಂದ ರಾತ್ರಿ ಉಳಿಯುವ ಹಿರಿಯರೆಲ್ಲರೂ ನೋಂದಾಯಿತರೇ ಆಗಿರಬೇಕು, ಅಂದರೆ ಹಿನ್ನೆಲೆ ಪರಿಶೀಲನೆಯೂ ಮಕ್ಕಳ ಸುರಕ್ಷತೆಯ ತರಬೇತಿಯೂ ಆಗಿರಬೇಕು. "ನಾನು ತಂದೆ, ಒಂದು ರಾತ್ರಿ ಸುಮ್ಮನೆ ಬಂದು ಮಲಗುತ್ತೇನೆ" ಎನ್ನುವಂತಿಲ್ಲ.

ಆ ತರಬೇತಿಯಲ್ಲಿ ನನ್ನ ಮನಸ್ಸಿಗೆ ನಾಟಿದ ಅಂಶವೆಂದರೆ, ಅನುಮಾನ ಬಂದರೆ ಮೊದಲು ತಿಳಿಸಬೇಕಾದದ್ದು ಪೊಲೀಸರಿಗೆ ಅಥವಾ ಮಕ್ಕಳ ರಕ್ಷಣೆಯ ಸರ್ಕಾರಿ ಇಲಾಖೆಗೆ. ಕೌನ್ಸಿಲಿಗೆ ತಿಳಿಸುವುದು ಆಮೇಲೆ. ಪಾದ್ರಿಗಳಿಗೆ ಹೇಳಿ ಕೈತೊಳೆದುಕೊಂಡರೆ ಕರ್ತವ್ಯ ಮುಗಿಯುವುದಿಲ್ಲ. ನಮ್ಮ ಕಡೆ ಇಂಥದ್ದನ್ನು "ಹಿರಿಯರ ಕಿವಿಗೆ ಹಾಕಿ" ಮನೆಯೊಳಗೇ ಮುಗಿಸುವ ಅಭ್ಯಾಸವುಂಟಷ್ಟೆ, ಅದನ್ನು ಇಲ್ಲಿಗೆ ತರಬಾರದು.

ನಿಯಮ ಬರೆದಿಟ್ಟರೆ ಸಾಲದು, ನಿಮ್ಮ ಟ್ರೂಪಿನವರು ಅದನ್ನು ಹೇಗೆ ಪಾಲಿಸುತ್ತಾರೆಂದು ಕಣ್ಣಾರೆ ನೋಡಿ. ಹಿಂದೆ ನಾವಿದ್ದ ಊರಿನ ಒಂದು ಟ್ರೂಪಿನಲ್ಲಿ ಎರಡನೆಯ ಹಿರಿಯರು ಬರುವ ಮೊದಲೇ ಸಭೆ ಶುರುವಾಗುತ್ತಿತ್ತು. ಕೇಳಿದರೆ, "ಇವರು ಇಪ್ಪತ್ತು ವರ್ಷದಿಂದ ಇದ್ದಾರೆ, ಎಲ್ಲರಿಗೂ ಗೊತ್ತಿರುವವರು" ಎಂಬ ಉತ್ತರ ಬಂತು. ಆ ಉತ್ತರ ಕೇಳಿದ ಮೇಲೆ ಮಗನನ್ನು ಅಲ್ಲಿಂದ ಬಿಡಿಸಿ ಬೇರೆ ಟ್ರೂಪಿಗೆ ಹಾಕಿದೆವು. ಆ ಮನುಷ್ಯ ತಪ್ಪು ಮಾಡಿದ್ದರೆಂದು ನಾನು ಹೇಳುತ್ತಿಲ್ಲ. ಗೊತ್ತಿರುವವರೆಂಬ ಕಾರಣಕ್ಕೆ ನಿಯಮ ಸಡಿಲವಾಗುವುದಾದರೆ ಅದು ಇದ್ದೂ ಇಲ್ಲದಂತೆ. ನಿಮ್ಮ ಮನೆಯವರೂ ಆ ತರಬೇತಿಯನ್ನು ತೆಗೆದುಕೊಳ್ಳಲಿ. ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ, ಪದವಿ ವಹಿಸಿಕೊಳ್ಳದವರೂ ಖಾತೆ ತೆರೆದು ಮುಗಿಸಬಹುದು.

ಉತ್ತರ 1ರವರಿಂದ ಮತ್ತೆ

ಮೇಡಂ ಹೇಳಿದ ಇಬ್ಬರು ಹಿರಿಯರ ನಿಯಮದ ಬಗ್ಗೆ ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಸೇರಿದ ಮೊದಲ ವರ್ಷ, ಒಂದು ಶುಕ್ರವಾರ ಸಂಜೆ ಐದೂವರೆಗೆ ಕ್ಯಾಂಪಿಗೆ ಹೊರಡಬೇಕಿತ್ತು. ಆ ಸಲ ಎರಡನೆಯ ಹಿರಿಯ ನಾನೇ. ಬೆಂಗಳೂರಿನವರೊಂದಿಗಿನ ಆಫೀಸಿನ ಕರೆ ಮುಗಿಯಲೇ ಇಲ್ಲ. ನಾನು ಚರ್ಚಿನ ಪಾರ್ಕಿಂಗ್ ತಲುಪಿದಾಗ ಆರೂ ಕಾಲು. ಒಂಬತ್ತು ಹುಡುಗರು ಬೆನ್ನಿಗೆ ಚೀಲ ಏರಿಸಿಕೊಂಡೇ ಜಿನುಗುವ ಮಳೆಯಲ್ಲಿ ನಿಂತಿದ್ದರು. ಸ್ಕೌಟ್ ಮಾಸ್ಟರರು ಇಬ್ಬರು ಪಾಲಕರನ್ನು ಹೊರಡಗೊಡದೆ ಜೊತೆಯಲ್ಲಿ ನಿಲ್ಲಿಸಿಕೊಂಡಿದ್ದರು. ಯಾರೂ ನನ್ನನ್ನು ಬಯ್ಯಲಿಲ್ಲ. ಒಬ್ಬ ಹುಡುಗ ಮಾತ್ರ ಗಡಿಯಾರ ನೋಡಿ, ಕತ್ತಲಾಗುವ ಮೊದಲು ಟೆಂಟು ಹಾಕುವುದು ಆಗುವುದಿಲ್ಲ ಎಂದ. ಹಾಗೇ ಆಯಿತು: ಟಾರ್ಚು ಹಚ್ಚಿಕೊಂಡು, ಒದ್ದೆ ನೆಲದಲ್ಲಿ ಗೂಟ ಹೊಡೆದೆವು. ಎರಡನೆಯ ಹಿರಿಯನೆಂದರೆ ಲೆಕ್ಕಕ್ಕೊಬ್ಬ ಎಂದುಕೊಂಡಿದ್ದೆ. ಅವನಿಲ್ಲದಿದ್ದರೆ ಕಾರು ಹೊರಡುವುದೇ ಇಲ್ಲ ಎಂದು ಅಂದು ತಿಳಿಯಿತು.

ಉತ್ತರ 3 (ಯೂಟಾದಿಂದ)

ನಾನು ಸ್ವಲ್ಪ ಭಿನ್ನವಾಗಿ ಹೇಳುತ್ತೇನೆ: ಸಹಾಯಕ ಸ್ಕೌಟ್ ಮಾಸ್ಟರ್ ಬೇಡ, ಮೊದಲ ವರ್ಷ ಸಮಿತಿಗೆ ಸೇರಿ. ಹುಡುಗರ ಜೊತೆ ನೇರವಾಗಿ ಕೆಲಸ ಮಾಡುವವರು ಸ್ಕೌಟ್ ಮಾಸ್ಟರ್ ಮತ್ತು ಸಹಾಯಕರು; ಹಣ, ವಾಹನ, ದಾಖಲೆ, ಹುಡುಗರನ್ನು ಮುಂದಿನ ದರ್ಜೆಗೆ ಏರಿಸುವ ಮುನ್ನ ನಡೆಸುವ ಬೋರ್ಡ್ ಆಫ್ ರಿವ್ಯೂ ಎಂಬ ಸಂದರ್ಶನ ಇವೆಲ್ಲ ಸಮಿತಿಯ ಪಾಲು. ಸಮಿತಿಯ ಸದಸ್ಯರಾಗಿ ನೋಂದಾಯಿಸಿಕೊಂಡರೂ ಕ್ಯಾಂಪಿಗೆ ಹೋಗಲು ಅಡ್ಡಿಯಿಲ್ಲ, ಇಬ್ಬರು ಹಿರಿಯರ ಲೆಕ್ಕಕ್ಕೂ ಬರುತ್ತೀರಿ.

ಹೀಗೇಕೆ ಹೇಳುತ್ತೇನೆಂದರೆ, ಚರ್ಚು ಮತ್ತು ಸ್ಕೌಟ್ ಎಷ್ಟು ಬಿಗಿಯಾಗಿ ಹೆಣೆದುಕೊಳ್ಳಬಹುದೆಂದು ಈ ರಾಜ್ಯದಲ್ಲಿ ಕಂಡಿದ್ದೇನೆ. ಇಲ್ಲಿನ ಲ್ಯಾಟರ್-ಡೇ ಸೇಂಟ್ಸ್ ಚರ್ಚು 1913ರಿಂದ ಸ್ಕೌಟನ್ನು ತನ್ನ ಹುಡುಗರ ಕಾರ್ಯಕ್ರಮವನ್ನಾಗಿಯೇ ನಡೆಸಿಕೊಂಡು ಬಂದಿತ್ತು, ಸ್ಕೌಟ್ ಮಾಸ್ಟರರನ್ನು ಬಿಷಪ್ಪರೇ ಕರೆದು ನೇಮಿಸುತ್ತಿದ್ದರು. ನಮ್ಮ ನೆರೆಯವರೊಬ್ಬರು ಹಾಗೆ ಕರೆ ಬಂದು ಸ್ಕೌಟ್ ಮಾಸ್ಟರ್ ಆದವರು, ಗಂಟು ಹಾಕುವುದನ್ನು ಕಲಿತದ್ದೂ ಆಮೇಲೆಯೇ. 2019ರ ಡಿಸೆಂಬರ್ 31ಕ್ಕೆ ಚರ್ಚು ಸಂಬಂಧ ಕಡಿದುಕೊಂಡಿತು. ನಮ್ಮ ಬೀದಿಯ ಟ್ರೂಪು ಅಲ್ಲಿಗೆ ಮುಗಿಯಿತು; ಚರ್ಚಿಗೆ ಸೇರದಿದ್ದರೂ ಆ ಟ್ರೂಪಿನಲ್ಲಿದ್ದ ನನ್ನ ಮಗ ಉಳಿದ ಮೆರಿಟ್ ಬ್ಯಾಡ್ಜುಗಳಿಗಾಗಿ (ಒಂದೊಂದು ವಿಷಯ ಕಲಿತದ್ದಕ್ಕೆ ಸಿಗುವ ಬಿಲ್ಲೆಗಳು) ಹನ್ನೆರಡು ಮೈಲಿ ದೂರದ ಟ್ರೂಪಿಗೆ ಹೋಗಬೇಕಾಯಿತು. ಇಲ್ಲಿನ ಅತ್ಯುನ್ನತ ದರ್ಜೆಯಾದ ಈಗಲ್ ಸ್ಕೌಟ್ ಆಗಲು 21 ಬ್ಯಾಡ್ಜು, ಅದೂ ಹದಿನೆಂಟು ತುಂಬುವುದರೊಳಗೆ. ನಡುವೆ ಟ್ರೂಪು ಬದಲಾದರೆ ಹುಡುಗನಿಗೆ ಕಷ್ಟ. ನಿಮ್ಮ ಚರ್ಚಿನ ಒಲವು ಎಷ್ಟು ಕಾಲ ಉಳಿಯಬಹುದೆಂದು ಸಮಿತಿಯಲ್ಲಿ ಕುಳಿತರೆ ಬೇಗ ತಿಳಿಯುತ್ತದೆ.

ಇನ್ನೊಂದು ಕಾರಣ ಮನೆಯದು. ಅಪ್ಪನೇ ಜೊತೆಗಿದ್ದರೆ ಹುಡುಗ ಪ್ರತಿಯೊಂದಕ್ಕೂ ಅಪ್ಪನ ಕಡೆಗೇ ತಿರುಗುತ್ತಾನೆ. ನೀವು ಸಹಾಯಕರಾಗುವುದೇ ಆದರೆ ನಿಮ್ಮ ಮಗನ ಪ್ರಗತಿ ದಾಖಲಾಗುವ ಸ್ಕೌಟ್ ಪುಸ್ತಕಕ್ಕೆ ನೀವು ಸಹಿ ಹಾಕಬೇಡಿ, ಬೇರೊಬ್ಬರ ಬಳಿಗೆ ಕಳಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಈ ಸೋಮವಾರ ಕಾರಿನಲ್ಲಿ ಕೂರದೆ ಒಳಗೆ ಹೋದೆ. ಚಾರ್ಟರು ಚರ್ಚಿನ ಹೆಸರಿನಲ್ಲೇ ಇದೆ. ಪ್ರತಿನಿಧಿಯಾಗಿರುವವರು ನಿವೃತ್ತ ಶಾಲಾ ಶಿಕ್ಷಕಿ. ನೇರವಾಗಿಯೇ ಕೇಳಿದೆ. ನನ್ನ ಧರ್ಮದ ಬಗ್ಗೆ ಅವರಿಗೆ ಆಕ್ಷೇಪವಿಲ್ಲ, ತರಬೇತಿ ಮುಗಿಸದೆ ಮಾತ್ರ ಸಹಿ ಹಾಕುವುದಿಲ್ಲ ಎಂದರು. ಆ ಎರಡನೆಯ ಮಾತು ಕೇಳಿ ನನ್ನ ಹೆಂಡತಿಗೆ ಅರ್ಧ ಸಮಾಧಾನವಾಯಿತು. ಅವಳೂ ತರಬೇತಿ ತೆಗೆದುಕೊಳ್ಳುತ್ತಿದ್ದಾಳೆ, ನನಗಿಂತ ಎರಡು ಪಾಠ ಮುಂದಿದ್ದಾಳೆ. ಯೂಟಾದ ಹಿರಿಯರ ಸಲಹೆಯಂತೆ ಈ ವರ್ಷ ಸಮಿತಿಗೆ ಸೇರುವುದೆಂದು ತೀರ್ಮಾನಿಸಿ, ಸ್ಕೌಟ್ ಮಾಸ್ಟರರಿಗೂ ತಿಳಿಸಿದ್ದೇನೆ. ಕ್ಯಾಂಪಿಗೆ ಬರುತ್ತೀರಿ ತಾನೇ ಎಂದಷ್ಟೇ ಕೇಳಿದರು, ಬರುತ್ತೇನೆಂದೆ. ಉಳಿದದ್ದು ಊಟದ ಪ್ರಶ್ನೆಯೊಂದೇ.

ಉತ್ತರ 1ರವರಿಂದ

ಅಡುಗೆ ಮಾಡುವವರು ಹುಡುಗರೇ. ಆರೆಂಟು ಹುಡುಗರ ಒಂದೊಂದು ಪೆಟ್ರೋಲ್ (ಬಂಕಿನದಲ್ಲ, ಗಸ್ತಿನದು) ತನ್ನ ಊಟದ ಪಟ್ಟಿಯನ್ನು ಹಿಂದಿನ ಸೋಮವಾರವೇ ಬರೆದು, ತಾನೇ ಅಂಗಡಿಗೆ ಹೋಗಿ ಸಾಮಾನು ತರುತ್ತದೆ. ಆದ್ದರಿಂದ ನಿಮ್ಮ ಮಗ ಆ ಸೋಮವಾರವೇ ಬಾಯಿಬಿಟ್ಟು ಹೇಳಬೇಕು. ಶನಿವಾರ ಬೆಳಿಗ್ಗೆ ಬೇಕನ್ (ಹಂದಿಮಾಂಸ) ಹುರಿಯುವಾಗ ಹೇಳಿದರೆ ಬ್ರೆಡ್ಡೇ ಗತಿ. ಅವನ ಪರವಾಗಿ ನೀವು ಹೇಳಬೇಡಿ. ಬೇಕನ್ ಹುರಿದ ಬಾಣಲೆ ನಿಮಗೆ ಆಗದಿದ್ದರೆ ಚಿಕ್ಕದೊಂದು ಬಾಣಲೆ, ಒಂದು ಸೌಟು ಮನೆಯಿಂದ ಕಳಿಸಿ, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಹಿರಿಯರದು ಬೇರೆಯೇ ಒಲೆ. ಅಲ್ಲಿ ನಾನು ಹುರಿದ ರವೆ, ಒಗ್ಗರಣೆಯ ಸಾಮಾನು ಎಲ್ಲವನ್ನೂ ಜಿಪ್ ಚೀಲದಲ್ಲಿ ಕಟ್ಟಿಕೊಂಡು ಹೋಗಿ ಉಪ್ಪಿಟ್ಟು ಮಾಡುತ್ತೇನೆ. ಡಚ್ ಓವನ್ ಎಂಬ ಎರಕದ ಕಬ್ಬಿಣದ ದಪ್ಪ ಪಾತ್ರೆ ತಳ ಬೇಗ ಹಿಡಿಯುತ್ತದೆ, ನೀರು ಕುದಿಯಲು ಶುರುವಾದೊಡನೆ ಕೆಳಗಿನ ಕೆಂಡದಲ್ಲಿ ಅರ್ಧವನ್ನು ಸರಿಸಿಬಿಡಿ. ಮತ್ತೆ ಮಗನ ಆರೋಗ್ಯದ ನಮೂನೆಯ ಪ್ರತಿಯೊಂದಿಗೆ ನಿಮ್ಮದನ್ನೂ ತುಂಬಿ ಕೊಡಿ. ಹಿರಿಯರಿಗೂ ಅದು ಬೇಕು, ಮೊದಲ ಕ್ಯಾಂಪಿಗೆ ಹೊರಟಾಗ ಎಲ್ಲರೂ ಮರೆಯುವುದು ಅದನ್ನೇ.