ಅಪ್‌ಡೇಟ್: ಪೈಥಾನ್ ಔಟ್‌ಪುಟ್ ಈಗ ಸಾಲು ಸಾಲಾಗಿ ಬರುತ್ತಿದೆ

ಚಿಕ್ಕಮಗಳೂರಿನ ನಮ್ಮ ಕಾಫಿ ತೋಟದ ಲೆಕ್ಕಕ್ಕೆ ಸಿ ಶಾರ್ಪ್‌ನಲ್ಲಿ ಬರೆದ ವಿಂಡೋಸ್ ಆ್ಯಪ್‌ನಿಂದ ಪೈಥಾನ್ ಸ್ಕ್ರಿಪ್ಟ್ ಓಡಿಸಿದರೆ ಔಟ್‌ಪುಟ್ ಎಲ್ಲಾ ಕೊನೆಗೆ ಒಟ್ಟಿಗೆ ಬಂದು ಬೀಳುತ್ತದೆ ಅಂತ ಕೇಳಿದ್ದೆ ಅಲ್ವಾ, ಅದು ಸರಿಹೋಯಿತು. ಔಟ್‌ಪುಟ್ ಪೈಪ್‌ಗೆ, ಅಂದರೆ ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಸಾಗಿಸುವ ದಾರಿಗೆ, ಹೋಗುವಾಗ ಪೈಥಾನ್ ಅದನ್ನು ಬಫರ್ ಎನ್ನುವ ತಾತ್ಕಾಲಿಕ ಜಾಗದಲ್ಲಿ ಕೂಡಿಟ್ಟುಕೊಳ್ಳುತ್ತದೆ. ನೀವು ಹೇಳಿದ ಹಾಗೆ ಪೈಥಾನ್ ಕಮಾಂಡ್‌ಗೆ ಹಾಗೆ ಕೂಡಿಡದಂತೆ ಮಾಡುವ ಮೈನಸ್ ಯು (-u) ಸೇರಿಸಿದೆ, ಸಿ ಶಾರ್ಪ್ ಕಡೆ ಔಟ್‌ಪುಟ್ ಬಂದ ಹಾಗೆ ಸಾಲು ಸಾಲಾಗಿ ಓದುವ ಬಿಗಿನ್‌ಔಟ್‌ಪುಟ್‌ರೀಡ್‌ಲೈನ್ (BeginOutputReadLine) ಬಳಸಿದೆ.

ಆಮೇಲೆ ಇನ್ನೊಂದು ತಲೆನೋವು. ಕೆಲಸದವರ ಹೆಸರು ಕನ್ನಡದಲ್ಲಿ ಬಂದ ಕಡೆ ಸ್ಕ್ರಿಪ್ಟ್ ಸುಮ್ನೆ ನಿಂತುಬಿಡುತ್ತಿತ್ತು, ಯಾಕೆ ಅಂತ ಎರಡು ರಾತ್ರಿ ಗೊತ್ತಾಗಲಿಲ್ಲ, ಕೊನೆಗೆ ದೋಷದ ಸಂದೇಶಗಳು ಬೇರೆಯಾಗಿ ಬರುವ ಸ್ಟ್ಯಾಂಡರ್ಡ್ ಎರರ್ ಕೂಡ ಓದಿಸಿದಾಗ ಯೂನಿಕೋಡ್ ಎನ್‌ಕೋಡ್ ಎರರ್ ಕಾಣಿಸಿತು, ಅಂದರೆ ಪೈಥಾನ್‌ಗೆ ಆ ಕನ್ನಡ ಅಕ್ಷರ ಹೊರಗೆ ಬರೆಯಲು ಆಗುತ್ತಿರಲಿಲ್ಲ. ಸ್ಕ್ರಿಪ್ಟ್ ಶುರುವಾಗುವ ಮೊದಲು ಪೈಥಾನ್‌ಯುಟಿಎಫ್8 (PYTHONUTF8) ಎನ್ನುವ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗೆ, ಅಂದರೆ ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್‌ಗೆ, 1 ಕೊಟ್ಟೆ, ಆಗ ಪೈಥಾನ್ ಕನ್ನಡವೂ ಸೇರಿದ ಯುಟಿಎಫ್-8 ಅಕ್ಷರ ಸಂಕೇತದಲ್ಲಿ ಬರೆಯುತ್ತದೆ, ಇದು ಪೈಥಾನ್ 3.7ರಿಂದ ಇದೆ. ಸಿ ಶಾರ್ಪ್ ಕಡೆ ಔಟ್‌ಪುಟ್ ಯಾವ ಸಂಕೇತದಲ್ಲಿ ಓದಬೇಕು ಅಂತ ಹೇಳುವ ಸ್ಟ್ಯಾಂಡರ್ಡ್‌ಔಟ್‌ಪುಟ್‌ಎನ್‌ಕೋಡಿಂಗ್ (StandardOutputEncoding) ಕೂಡ ಯುಟಿಎಫ್-8 ಆಗಿರಬೇಕು, ಇಲ್ಲದಿದ್ದರೆ ಅಕ್ಷರ ಕೆಡುತ್ತವೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.